ಇಪ್ಪತ್ತಾರು ದಾಟಿದವರು

ನಮ್ಮ ವೈನಿ ಕೃಷ್ಣವೇಣಿಗೆ ಹುಟ್ಟಿದ ತಾರೀಖು ಇರಲಿಲ್ಲ. ಬಿಜಾಪುರದ ಹತ್ತಿರದ ಒಂದು ಊರಿನಲ್ಲಿ, ಜೋಳದ ರಾಶಿಯ ದಿನಗಳಲ್ಲಿ, ಸಾಲು ಹೆಣ್ಣುಮಕ್ಕಳ ನಡುವೆ ಹುಟ್ಟಿದವಳು. ಯಾವ ವರ್ಷ ಎಂದು ಬರೆದಿಡುವ ಉಮೇದು ಯಾರಿಗೂ ಇರಲಿಲ್ಲ. ನಮ್ಮ ಅಣ್ಣ ವೇಣುಗೋಪಾಲನ ಹೆಂಡತಿಯಾಗಿ ಮನೆಗೆ ಬಂದಾಗ ಹದಿನೆಂಟೋ ಇಪ್ಪತ್ತೋ ಎಂದಿದ್ದರು. ಅದನ್ನು ಆಮೇಲೆ ಯಾರೂ ಇತ್ಯರ್ಥ ಮಾಡಲಿಲ್ಲ.

ಆದರೆ ಮಗಳ ವಯಸ್ಸಿನ ವಿಷಯದಲ್ಲಿ ವೈನಿಯಷ್ಟು ಎಚ್ಚರದ ಹೆಂಗಸನ್ನು ನಾನು ಇನ್ನೊಬ್ಬಳನ್ನು ಕಂಡಿಲ್ಲ. ಆಕೆಯ ಒಬ್ಬಳೇ ಮಗಳು ಚಾರುಲತಾಗೆ ಮೂರು ವಯಸ್ಸುಗಳಿದ್ದವು. ನಾನು ನಾಗಪುರದ ಒಂದು ಶಾಲೆಯಲ್ಲಿ ಗಣಿತ ಕಲಿಸುವವಳು, ಒಂದು ಲೆಕ್ಕಕ್ಕೆ ಒಂದೇ ಉತ್ತರ ಎಂದು ನಂಬಿ ತಲೆ ನರೆಸಿಕೊಂಡವಳು. ಮದುವೆಯಾಗಲಿಲ್ಲವಾದ್ದರಿಂದ ನನ್ನ ವಯಸ್ಸನ್ನು ಮುಟ್ಟುವ ಅಗತ್ಯ ಯಾರಿಗೂ ಬೀಳಲಿಲ್ಲ, ಅದು ಇದ್ದ ಹಾಗೇ ಉಳಿಯಿತು. ಚಾರೂಗೆ ಆ ಭಾಗ್ಯ ಇರಲಿಲ್ಲ.

ಮೊದಲನೆಯ ವಯಸ್ಸು ನಿಜದ್ದು. ಹುಬ್ಬಳ್ಳಿಯಲ್ಲಿ, ಎಂಬತ್ಮೂರರ ಹೋಳಿಹುಣ್ಣಿಮೆಯಂದು ಹುಟ್ಟಿದ್ದಳು. ಬೀದಿಯಲ್ಲಿ ಹಲಗೆ ಬಾರಿಸುತ್ತಿದ್ದರು, ನಾನೇ ಬಿಸಿನೀರು ಹೊತ್ತು ಓಡಾಡಿದ್ದೇನೆ. ಎರಡನೆಯದು ಶಾಲೆಯದು. ಅಣ್ಣನದು ಕೇಂದ್ರ ಸರ್ಕಾರದ ಆಫೀಸು. ನಾಗಪುರಕ್ಕೆ ವರ್ಗವಾಗಿ ಬಂದಾಗ ಮಗುವಿಗೆ ನಾಲ್ಕು ದಾಟಿತ್ತು ಅಷ್ಟೆ. ಸರ್ಕಾರಿ ನೌಕರರ ಮಕ್ಕಳು ಹೋಗುವ ಶಾಲೆಯಲ್ಲಿ ಒಂದನೇ ಇಯತ್ತೆಯಿಂದ ಮಾತ್ರ ಪ್ರವೇಶ. ಒಂದು ವರ್ಷ ಮನೆಯಲ್ಲಿ ಯಾಕೆ ಕೂಡಿಸುವುದು ಎಂದು ಅಣ್ಣ ಹುಟ್ಟಿದ ದಿನವನ್ನು ಸುಮಾರು ಎರಡು ವರ್ಷ ಹಿಂದಕ್ಕೆ ತಳ್ಳಿ, ಜೂನ್ ಒಂದು ಎಂದು ಬರೆಸಿಬಿಟ್ಟ. ನಮ್ಮ ಪೈಕಿ ಅರ್ಧ ಜನ ಜೂನ್ ಒಂದಕ್ಕೇ ಹುಟ್ಟಿದವರು. ಮೂರನೆಯದು ವರಗಳಿಗೆ ಹೇಳುವ ವಯಸ್ಸು. ಇದು ವೈನಿಯ ಕೈಯದು. ವರ್ಷಕ್ಕೆ ಆರು ತಿಂಗಳ ಲೆಕ್ಕದಲ್ಲಿ ಬೆಳೆಯುತ್ತಿತ್ತು. ನಮ್ಮ ಪುರೋಹಿತರು ಗುಂಡಾಚಾರ್ಯರು ಆ ವಯಸ್ಸಿಗೆ ತಕ್ಕಂತೆ ಮಂಗಳದ ಕಾಟವಿಲ್ಲದ ಹೊಸ ಜಾತಕವನ್ನೂ ಬರೆದುಕೊಟ್ಟಿದ್ದರು.

ನಾನು ಬೈದರೆ ವೈನಿ ನಗುತ್ತಿದ್ದಳು.

"ನೀವು ಸಾಲ್ಯಾಗ ಮಾರ್ಕ್ಸ್ ಕೊಡೂದಿಲ್ಲೇನ್ರಿ ರಾಗಿಣಿ, ಪಾಸ್ ಆಗ್ಲಿ ಅಂತ. ಹಂಗ ಇದೂ."

ಆಕೆ ಕೆಟ್ಟವಳಲ್ಲ. ಅದನ್ನು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನನ್ನ ಸಿಟ್ಟು ಆಕೆಯ ಮೇಲೂ ಹರಿಯುತ್ತದೆ. ಸೆಮಿನರಿ ಹಿಲ್ಸ್‌ನ ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ಇಪ್ಪತ್ತು ವರ್ಷ ಮಡಿ ನಡೆಸಿದವಳು. ನಾಗಪುರದ ಮೇ ತಿಂಗಳಲ್ಲಿ, ಕೂಲರ್ ಕೂಡ ಬಿಸಿಗಾಳಿ ಊದುವಾಗ, ಒದ್ದೆ ಸೀರೆ ಉಟ್ಟು ಒಲೆಯ ಮುಂದೆ ನಿಲ್ಲುತ್ತಿದ್ದಳು. ರಾಯರ ಆರಾಧನೆಗೆ ಊರಿನ ಕನ್ನಡದವರೆಲ್ಲ ಸೇರಿದಾಗ ಮಡಿಯ ಅಡುಗೆಗೆ ಮೊದಲು ಕರೆ ಹೋಗುತ್ತಿದ್ದುದು ಆಕೆಗೇ. ಆಕೆಯ ಹುಳಿ, ಆಕೆಯ ಹಯಗ್ರೀವ ಎಂದು ಜನ ಹೆಸರು ಹಿಡಿದು ಕೇಳುತ್ತಿದ್ದರು. ಅದೊಂದೇ ಆಕೆ ಸ್ವಂತಕ್ಕೆ ಗಳಿಸಿಕೊಂಡ ಮಾನ.

ಆ ಮಾನಕ್ಕೆ ತಿಂಗಳಿಗೆ ಮೂರು ದಿನ ಅಡ್ಡಿ ಇರುತ್ತಿತ್ತು. ನಮ್ಮಲ್ಲಿ ಅದಕ್ಕೆ ಕಡಿಗೆ ಕೂಡುವುದು ಎನ್ನುತ್ತಾರೆ. ಮುಟ್ಟಾದ ಮೂರು ದಿನ ಹೆಂಗಸು ಅಡುಗೆಮನೆಗೆ, ದೇವರ ಮುಂದೆ ಹೋಗುವಂತಿಲ್ಲ. ಹಿಂದಿನ ಬಾಲ್ಕನಿಯಲ್ಲಿ ಚಾಪೆ ಹಾಕಿಕೊಂಡು ವೈನಿ ಕೂಡುತ್ತಿದ್ದಳು, ಅಣ್ಣ ಅನ್ನ ಸೀಯಿಸುತ್ತಿದ್ದ. ಎರಡು ಸಾವಿರದ ಆರರ ಹೊತ್ತಿಗೆ ಮುಟ್ಟು ನಿಂತಿತು. ಆಕೆಗೆ ಬಿಡುಗಡೆಯಾದಂತೆ ಆಯಿತು. ಮುಟ್ಟು ನಿಂತವರು ಹಿಡಿಯುವ ಋಷಿಪಂಚಮಿ ವ್ರತವನ್ನು ಆ ವರ್ಷವೇ ಹಿಡಿದಳು. ಗೊತ್ತಿಲ್ಲದೆ ಮುಟ್ಟಿನಲ್ಲಿ ಏನಾದರೂ ಮುಟ್ಟಿದ್ದರೆ ಆ ಪಾಪ ಕಳೆಯಲಿ ಎಂದು ಮಾಡುವ ವ್ರತ ಅದು. ಪಾಪ ಮಾಡಿದವರು ಯಾವ ವ್ರತವನ್ನೂ ಹಿಡಿದದ್ದು ನಾನು ಕಂಡಿಲ್ಲ, ಆ ಮಾತು ಬೇರೆ.

ಮರುವರ್ಷ ದೀಪಾವಳಿಯಾದ ಮೇಲೆ ನಾನು ಹೋದಾಗ ವೈನಿ ಮತ್ತೆ ಬಾಲ್ಕನಿಯಲ್ಲಿ ಚಾಪೆಯ ಮೇಲಿದ್ದಳು.

"ಯಾಕ ವೈನಿ?" ಎಂದೆ.

"ಮತ್ತ ಸುರು ಆಗೇದ್ರಿ," ಎಂದಳು ನಾಚಿಕೊಂಡು. "ಒಂದು ವರ್ಷದ ಮ್ಯಾಲೆ."

"ಡಾಕ್ಟರಿಗೆ ತೋರಸ್ರಿ."

"ಆಚಾರ್ಯರಿಗೆ ಕೇಳೀನಿ. ವ್ರತಾ ಹಿಡದದ್ದು ಅವಸರ ಆತು ಅಂದ್ರು. ಪೂರಾ ನಿಂತ ಮ್ಯಾಲೆ ಮತ್ತ ಮೊದಲಿಂದ ಹಿಡೀಬೇಕಂತ."

ಮೈಯಿಂದ ರಕ್ತ ಹೋಗುತ್ತಿದೆ ಎಂದು ಪುರೋಹಿತರನ್ನು ಕೇಳುವ ಜನ ನಾವು. ಪುರೋಹಿತರೂ ತಮಗೆ ಗೊತ್ತಿರುವುದನ್ನು ಹೇಳಿದರು. ವೈನಿ ಆ ದಿನದಿಂದ ರಕ್ತ ನಿಲ್ಲುವುದನ್ನೇ ಕಾದಳು, ವ್ರತ ಹಿಡಿಯುವುದಕ್ಕೆ. ಅದು ಒಂದು ತಿಂಗಳು ಬರುತ್ತಿತ್ತು, ಎರಡು ತಿಂಗಳು ಸುಮ್ಮನಿರುತ್ತಿತ್ತು, ಮತ್ತೆ ಬರುತ್ತಿತ್ತು. ನಮ್ಮ ಕನ್ನಡದವರ ಮಹಿಳಾ ಮಂಡಳದ ಹೆಂಗಸರು ಚೇಷ್ಟೆ ಮಾಡಿದರು. ಎಲ್ಲರಿಗಿಂತ ಜೋರಾಗಿ ಮಾಡಿದವರು ಕಾರ್ಯದರ್ಶಿ ಕಲಾವತಿಬಾಯಿ.

"ಮಗಳ ವಯಸ್ಸು ಕಡಿಮಿ ಮಾಡಿ ಮಾಡಿ ತನ್ನದೂ ಕಡಿಮಿ ಮಾಡ್ಕೊಂಡಾಳ ನೋಡ್ರಿ ಕೃಷ್ಣವೇಣಿ."

ಎಲ್ಲರೂ ನಕ್ಕರು. ವೈನಿಯೂ ನಕ್ಕಳು. ಕಲಾವತಿಬಾಯಿಯ ಮಾತಿಗೆ ವೈನಿ ನಗಲೇಬೇಕಿತ್ತು, ಯಾಕೆಂದರೆ ಕಲಾವತಿಬಾಯಿಯ ಮಗ ರಂಜನ್‌ಗೆ ಚಾರೂನ ಜಾತಕ ಹೋಗಿತ್ತು, ಹೊಂದಿಯೂ ಇತ್ತು. ಹುಡುಗ ಸೀತಾಬರ್ಡಿಯ ಬ್ಯಾಂಕಿನಲ್ಲಿ ಆಫೀಸರ್. ಅಷ್ಟು ವರ್ಷ ವರ ಹುಡುಕಿ ಸವೆದಿದ್ದ ವೈನಿಗೆ ರಂಜನ್ ಎಂದರೆ ಕೊನೆಯ ಬಸ್ಸು.

ಚಾರೂ ಗಾಂಧಿಬಾಗಿನ ಒಂದು ಔಷಧಿ ಹೋಲ್‌ಸೇಲ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದಳು. ಎರಡು ಸಾವಿರದ ಎಂಟರ ಕೊನೆಯಲ್ಲಿ ಅಲ್ಲಿಗೆ ಹೊಸದೊಂದು ಲಸಿಕೆ ಬಂತು, ಥರ್ಮೋಕೋಲ್ ಡಬ್ಬಿಯಲ್ಲಿ, ಮಂಜುಗಡ್ಡೆಯ ನಡುವೆ. ಗರ್ಭಕೋಶದ ಬಾಯಿಗೆ ಆಗುವ ಕ್ಯಾನ್ಸರ್ ತಡೆಯುವ ಲಸಿಕೆ ಎಂದು ಕಂಪನಿಯವನು ವಿವರಿಸಿದ. ಒಂಬತ್ತರಿಂದ ಇಪ್ಪತ್ತಾರು ವರ್ಷದವರಿಗೆ, ಆರು ತಿಂಗಳಲ್ಲಿ ಮೂರು ಸಲ. ಚಾರೂ ದಿನಾ ಆ ಫ್ರಿಜ್ಜಿನ ಎದುರಿಗೇ ಕೂಡುತ್ತಿದ್ದಳು. ಬರುವ ಹೋಳಿಗೆ ಆಕೆಗೆ ಇಪ್ಪತ್ತಾರು.

"ನಾ ತಗೋತೀನಿ," ಎಂದಳು ಮನೆಗೆ ಬಂದು. ನಾನೂ ಅಲ್ಲೇ ಇದ್ದೆ.

"ಮದುವಿ ಆಗ್ಲಿ, ಆಮ್ಯಾಲೆ ನೋಡೂಣು," ಎಂದಳು ವೈನಿ. "ಮದುವಿ ಆಗದ ಹುಡುಗಿ ಅಲ್ಲಿದು ಸೂಜಿ ಹಾಕಿಸಿಗೊಂಡ್ಳು ಅಂದ್ರ ಮಂದಿ ಏನಂದಾರು?"

"ಮದುವಿಗಿಂತ ಮೊದಲ ತಗೊಂಡ್ರನ ಬರೋಬರ್ ಕೆಲಸ ಮಾಡ್ತದಂತ, ಅಮ್ಮಾ. ಮತ್ತ ವಯಸ್ಸು ದಾಟ್ತದ."

"ಯಾವ ವಯಸ್ಸು?" ಎಂದೆ ನಾನು. ಅಣ್ಣ ಪೇಪರ್ ಮಡಚಿ ಒಳಗೆ ಎದ್ದುಹೋದ. ಹೆಂಗಸರ ಮಾತು ಶುರುವಾದರೆ ಏಳುವುದು ಅವನ ಸಭ್ಯತೆ.

ಜನವರಿಯಲ್ಲಿ ಮಹಿಳಾ ಮಂಡಳದ ಸಂಕ್ರಾಂತಿಯ ಅರಿಶಿನ-ಕುಂಕುಮ ಇತ್ತು. ಆ ಸಲ ಕಲಾವತಿಬಾಯಿ ಏನಾದರೂ ಸಮಾಜಸೇವೆಯೂ ಆಗಲಿ ಎಂದು ಡಾಕ್ಟರ್ ನಮಿತಾ ಅವರನ್ನು ಕರೆಸಿದ್ದರು. ಕೊಡಗಿನವರು. ಗಂಡ ಅಪ್ಪಚ್ಚು ವಾಯುಸೇನೆಯಲ್ಲಿ, ಆಕೆಗೆ ಧಂತೋಲಿಯಲ್ಲಿ ಚಿಕ್ಕ ಕ್ಲಿನಿಕ್ಕು. ಯಾವುದೋ ಕ್ಲಬ್ಬಿನವರು ಅದೇ ಲಸಿಕೆಯನ್ನು ಅರ್ಧ ಬೆಲೆಗೆ ಕೊಡಿಸಲು ಒಪ್ಪಿದ್ದರು. ಎಳ್ಳು-ಬೆಲ್ಲ ಹಂಚಿಯಾಯಿತು, ಪ್ರತಿಯೊಬ್ಬರಿಗೂ ಸ್ಟೀಲಿನ ಬಟ್ಟಲು ಕೊಟ್ಟಾಯಿತು, ಆಮೇಲೆ ಡಾಕ್ಟರ್ ಮಾತಾಡಿದರು. ನೇರವಾಗಿ, ಸುತ್ತುಬಳಸದೆ. ಈ ಕಾಯಿಲೆಯ ಬೀಜ ಒಂದು ವೈರಸ್, ಗಂಡು-ಹೆಣ್ಣಿನ ಕೂಡಿಕೆಯಿಂದ ಬರುತ್ತದೆ, ಬಹಳ ಜನಕ್ಕೆ ಬಂದು ತಾನೇ ಹೋಗುತ್ತದೆ, ಕೆಲವರಲ್ಲಿ ಉಳಿದು ಹಲವು ವರ್ಷ ಬಿಟ್ಟು ರೋಗವಾಗುತ್ತದೆ ಎಂದರು. ಮುಂದಿನ ಸಾಲಿನ ಹೆಂಗಸರು ಬಟ್ಟಲಿನ ಕಂಠ ಸವರುತ್ತ ಕೂತರು.

"ಇಪ್ಪತ್ತಾರರ ಒಳಗಿನ ಹೆಣ್ಣುಮಕ್ಕಳು ಇಂದೇ ಹೆಸರು ಕೊಡಿ. ಇನ್ನು ಅದನ್ನು ದಾಟಿದವರು, ಅಂದರೆ ನಾವೆಲ್ಲ," ಎಂದು ಡಾಕ್ಟರ್ ಎಲ್ಲರನ್ನೂ ನೋಡಿದರು, "ನಮಗೆ ಲಸಿಕೆಯ ಉಪಯೋಗ ಕಡಿಮೆ. ಆದರೆ ಪರೀಕ್ಷೆ ಇದೆ. ಎರಡು ನಿಮಿಷದ ಕೆಲಸ. ಒಳಗಿನ ಕೋಣೆಯಲ್ಲಿ ನಾನೇ ಮಾಡುತ್ತೇನೆ. ಮುಖ್ಯವಾಗಿ, ಮುಟ್ಟು ನಿಂತು ವರ್ಷವಾದ ಮೇಲೆ ಯಾರಿಗಾದರೂ ರಕ್ತ ಕಾಣಿಸಿದ್ದರೆ ಒಂದು ದಿನವೂ ತಡಮಾಡಬೇಡಿ."

ನಾನು ವೈನಿಯ ಕಡೆ ತಿರುಗಿದೆ. ಆಕೆ ಸೆರಗಿನ ಮೇಲೆ ಬಿದ್ದ ಎಳ್ಳು ಆರಿಸುತ್ತಿದ್ದಳು. ಹೇಳಿದ್ದು ಕೇಳಿಸಿದೆ ಎಂದು ಆಕೆಯ ಕಿವಿ ಕೆಂಪಾದದ್ದರಿಂದ ತಿಳಿಯಿತು.

"ಏಳ್ರಿ ವೈನಿ," ಎಂದೆ.

"ಸುಮ್ನಿರ್ರಿ. ಕಲಾವತಿಬಾಯಿ ಇಲ್ಲೇ ಕೂತಾರ."

ಇಡೀ ಹಾಲಿನಲ್ಲಿ ಇಪ್ಪತ್ತಾರು ದಾಟಿದ ಒಬ್ಬಳೂ ಏಳಲಿಲ್ಲ. ಕೊನೆಗೆ ನಾನೇ ಎದ್ದು ಹೋದೆ. ಮದುವೆಯಾಗದವಳು ಆ ಕೋಣೆಗೆ ಯಾಕೆ ಹೋದಳು ಎಂದು ಒಂದು ತಿಂಗಳು ಮಾತಾಡಿದರಂತೆ. ಮಾತಾಡಲಿ.

ನಾನು ಹೊರಗೆ ಬಂದಾಗ ಹೆಸರು ಬರೆಯುವ ಮೇಜಿನ ಮುಂದೆ ಚಾರೂ ನಿಂತಿದ್ದಳು. ಬರೆಯುತ್ತಿದ್ದವರು ಕಲಾವತಿಬಾಯಿ.

"ನಿನಗ ಇಪ್ಪತ್ತನಾಕು ಅಲ್ಲೇನು, ಗೊತ್ತದ ಬಿಡು," ಎಂದು ಅವರು ನಕ್ಕರು. "ಆದ್ರ ಕ್ಲಬ್ಬಿನವರು ವಯಸ್ಸಿಂದು ಏನರ ಪ್ರೂಫ್ ನೋಡ್ರಿ ಅಂದಾರ. ಸಾಲಿದು ಸರ್ಟಿಫಿಕೇಟ್ ತಂದೀಯೇನವಾ?"

ಮೂರು ವಯಸ್ಸೂ ಒಂದೇ ಮೇಜಿನ ಮುಂದೆ ಬಂದು ನಿಂತವು. ನಿಜದ ವಯಸ್ಸಿಗೆ ಲಸಿಕೆ ಸಿಗುತ್ತಿತ್ತು, ಅದಕ್ಕೆ ಆಧಾರವಿಲ್ಲ. ವರನ ಕಡೆಗೆ ಹೇಳಿದ ವಯಸ್ಸಿಗೂ ಸಿಗುತ್ತಿತ್ತು, ಅದಕ್ಕಂತೂ ಇಲ್ಲವೇ ಇಲ್ಲ. ಆಧಾರ ಇದ್ದ ಒಂದೇ ವಯಸ್ಸು ಅಣ್ಣ ಬರೆಸಿದ್ದು, ಅದರ ಪ್ರಕಾರ ಚಾರೂಗೆ ಆಗಲೇ ಇಪ್ಪತ್ತೇಳು. ವಯಸ್ಸಿನ ಮೇಲೆ ಚೇಷ್ಟೆ ಮಾಡುವುದು ಬೇರೆ, ಕಾಗದ ಕಣ್ಣಿಗೆ ಬೀಳುವುದು ಬೇರೆ. ಅದನ್ನು ತೋರಿಸಿದರೆ ಲಸಿಕೆಯೂ ಇಲ್ಲ, ರಂಜನ್ನೂ ಇಲ್ಲ.

ವೈನಿ ಎಲ್ಲಿದ್ದಳೋ ಬಂದಳು, ಆಕೆ ಅಷ್ಟು ಜೋರಾಗಿ ನಡೆದದ್ದು ನಾನು ನೋಡಿರಲಿಲ್ಲ. ಮಗಳ ರಟ್ಟೆ ಹಿಡಿದಳು.

"ಆಕಿಗೆ ಸೂಜಿ ಅಂದ್ರ ಸಣ್ಣಾಕಿದ್ದಾಗಿಂದ ಅಂಜಿಕಿರಿ. ಹೆಸರು ಹಾಕಬ್ಯಾಡ್ರಿ," ಎಂದಳು.

ಚಾರೂ ಮನೆಗೆ ಬಂದು ಚಪ್ಪಲಿ ಬಿಡುತ್ತ ಹೇಳಿದಳು.

"ಸೂಜಿ ಹಾಕಿಸಿಗೊಳ್ಳೋ ತನಕಾ ನಾ ರಂಜನ್ ಮುಂದ ಚಹಾ ತಗೊಂಡ್ ಬಂದು ನಿಂದ್ರೂದಿಲ್ಲ. ಯಾರಿಗೆ ಏನ್ ಹೇಳ್ಕೋತಿ ಹೇಳ್ಕೋ."

ಆಕೆ ಹಟ ಹಿಡಿದರೆ ಹಿಡಿದದ್ದೇ. ವೈನಿ ಅತ್ತಳು, ಬೈದಳು, ರಾಯರ ಮೇಲೆ ಆಣೆ ಹಾಕಿದಳು. ವಾರದೊಳಗೆ ಸೋತಳು. ಪೂರ್ತಿ ಬೆಲೆ ಕೊಟ್ಟು ಡಾಕ್ಟರರ ಕ್ಲಿನಿಕ್ಕಿಗೇ ಹೋಗುವುದಾದರೆ ಬೆಳಿಗ್ಗೆ ಹೋಗೋಣ, ಆಗ ಧಂತೋಲಿಯಲ್ಲಿ ನಮ್ಮವರು ಯಾರೂ ಇರುವುದಿಲ್ಲ ಎಂದಳು. ಜೊತೆಗೆ ನನ್ನನ್ನೂ ಕರೆದಳು.

ಕ್ಲಿನಿಕ್ಕಿನಲ್ಲಿ ಡಾಕ್ಟರ್ ವಯಸ್ಸು ಕೇಳಿದರು. ಚಾರೂ ಬಾಯಿ ತೆರೆಯುವ ಮೊದಲೇ ವೈನಿ ಹೇಳಿದಳು.

"ಖರೇ ಹೇಳ್ತೀನಿ ಡಾಕ್ಟರ್. ಸಾಲ್ಯಾಗಿಂದು ಸುಳ್ಳು. ಮಂದಿಗೆ ನಾ ಹೇಳಿದ್ದೂ ಸುಳ್ಳು. ಹೋಳಿಹುಣ್ಣಿಮಿ ದಿನಾ ಹುಟ್ಟ್ಯಾಳ. ಈ ಹೋಳಿಗೆ ಇಪ್ಪತ್ತಾರು."

"ನನಗೆ ಇವಳ ಮೈಯ ವಯಸ್ಸು ಸಾಕು," ಎಂದರು ಡಾಕ್ಟರ್, ನಕ್ಕು. "ಸರಿಯಾದ ಹೊತ್ತಿಗೇ ಬಂದಿದ್ದೀರಿ. ಇಪ್ಪತ್ತಾರಕ್ಕೆ ಬಾಗಿಲು ದಢಾರ್ ಎಂದು ಮುಚ್ಚುತ್ತೆ ಅಂತ ಅಲ್ಲ, ಆದರೆ ಬೇಗ ತಗೊಂಡಷ್ಟೂ ಒಳ್ಳೆಯದು."

ಮೊದಲನೆಯ ಸೂಜಿ ಆಯಿತು. ವೈನಿ ಸಮಾಧಾನದಿಂದ ಎದ್ದಳು. ಆಗ ಡಾಕ್ಟರ್ ಕೇಳಿದರು.

"ನೀವು ಯಾವತ್ತಾದರೂ ಪರೀಕ್ಷೆ ಮಾಡಿಸಿದ್ದೀರಾ ಅಮ್ಮಾ?"

"ನಂದೆಲ್ಲಾ ಮುಗದದ್ರಿ."

"ಮುಗದಿಲ್ಲ," ಎಂದಳು ಚಾರೂ. "ಹ್ವಾದ ವಾರಾನೂ ಕಡಿಗೆ ಕೂತಿದ್ಲು. ಒಂದು ವರ್ಷದಿಂದ ಹಿಂಗ ನಡದದ."

ಡಾಕ್ಟರ್ ಎದ್ದು ನಿಂತು, ಒಳಗೆ ಬನ್ನಿ, ಈಗಲೇ ನೋಡುತ್ತೇನೆ ಎಂದರು. ವೈನಿ ಕೈಚೀಲ ಎದೆಗೆ ಒತ್ತಿಕೊಂಡಳು.

"ಮದುವಿ ಆಗ್ಲಿ ಡಾಕ್ಟರ್. ಆಮ್ಯಾಲೆ ನಾನ ಬರ್ತೀನಿ. ಈಗ ಏನರ ಅದ ಅಂತ ಗೊತ್ತಾದ್ರ ಹುಡುಗಿ ಮನಿತನಕ್ಕ ರೋಗ ಅದ ಅಂತಾರ."

ನಾನು ಬೈದೆ. ಡಾಕ್ಟರ್ ತಿಳಿಹೇಳಿದರು, ಕೊನೆಗೆ ಗದರಿದರು. ಚಾರೂ ಅತ್ತಳು. ಆ ಹೆಂಗಸು ಕದಲಲಿಲ್ಲ. ಮಗಳ ವಿಷಯದಲ್ಲಿ ಒಂದು ವಾರಕ್ಕೆ ಸೋತವಳು ತನ್ನ ವಿಷಯದಲ್ಲಿ ಎರಡು ತಿಂಗಳು ಗೆದ್ದಳು. ಚಾರೂ ರಂಜನ್‌ನ ಮುಂದೆ ಚಹಾ ಇಟ್ಟು ನಿಂತಳು, ಹುಡುಗ ಒಪ್ಪಿದ, ಮೇ ತಿಂಗಳ ಮುಹೂರ್ತಗಳನ್ನು ನೋಡತೊಡಗಿದರು. ವೈನಿ ಸೀತಾಬರ್ಡಿಯಲ್ಲಿ ಸೀರೆ ಅಂಗಡಿ ಹತ್ತಿ ಇಳಿದಳು. ಮೆಟ್ಟಿಲು ಇಳಿಯುವಾಗ ಸೊಂಟ ಹಿಡಿದುಕೊಳ್ಳುತ್ತಿದ್ದಳು. ಯಾಕೆ ಎಂದರೆ ವಾಯು ಎನ್ನುತ್ತಿದ್ದಳು.

ಎರಡನೆಯ ಸೂಜಿಗೆ ಹೋದಾಗ ಕ್ಲಿನಿಕ್ಕಿನ ಕುರ್ಚಿಯಲ್ಲಿ ಆಕೆಗೆ ಕೂಡಲಾಗಲಿಲ್ಲ. ಗೋಡೆಗೆ ಒರಗಿ ನಿಂತಿದ್ದಳು. ಡಾಕ್ಟರ್ ಏನನ್ನೂ ಕೇಳದೆ ಕೈ ಹಿಡಿದು ಒಳಗೆ ಕರೆದೊಯ್ದರು, ಈ ಸಲ ಆಕೆ ಹೋದಳು. ಹೊರಗೆ ಬಂದ ಡಾಕ್ಟರ್ ನನ್ನನ್ನು ಪಕ್ಕಕ್ಕೆ ಕರೆದು, ಗರ್ಭಕೋಶದ ಬಾಯಿ ದಾಟಿ ಬಹಳ ಹರಡಿದೆ ಎಂದರು. ತುಣುಕು ತೆಗೆದು ಪರೀಕ್ಷೆಗೆ ಕಳಿಸಿದ್ದು ಬರೀ ರೂಢಿಗೆ. ರಕ್ತ ಮೊದಲ ಸಲ ಕಾಣಿಸಿದಾಗ ಬಂದಿದ್ದರೆ ಎಂದು ನಾನು ಕೇಳಿದೆ. ಆ ಪ್ರಶ್ನೆ ಗುಂಡಾಚಾರ್ಯರಿಗೆ ಕೇಳಬೇಕಾದದ್ದು, ಋಷಿಪಂಚಮಿಯನ್ನು ಹಾಕಿಕೊಟ್ಟವರಿಗೆ ಕೇಳಬೇಕಾದದ್ದು, ಪೇಪರ್ ಮಡಚಿ ಎದ್ದುಹೋಗುತ್ತಿದ್ದ ನಮ್ಮ ಅಣ್ಣನಿಗೆ ಕೇಳಬೇಕಾದದ್ದು.

ವೈನಿಗೆ ತಿಳಿಸಿದಾಗ ಆಕೆ ಕೇಳಿದ್ದು ಒಂದೇ.

"ನಾ ಇಷ್ಟು ಮಡೀಲೆ ಇದ್ದಾಕಿ, ನನಗ ಹೆಂಗ ಬಂತ್ರಿ?"

ಆ ವೈರಸ್ ಯಾರಿಗೆ ಬೇಕಾದರೂ ಬರುತ್ತದೆ, ಯಾರ ತಪ್ಪೂ ಇಲ್ಲ ಎಂದು ಡಾಕ್ಟರ್ ಮೆಲ್ಲಗೆ ವಿವರಿಸಿದರು. ಗಂಡು-ಹೆಣ್ಣಿನಿಂದ ಎಂಬ ಮಾತು ಬಂದಾಗ ಬಾಗಿಲ ಹತ್ತಿರ ನಿಂತಿದ್ದ ಅಣ್ಣ ಕಾರಿಡಾರಿಗೆ ನಡೆದ. ವೈನಿ ಅವನ ಬೆನ್ನು ನೋಡಿದಳು. ಒಂದು ಕ್ಷಣ ನೋಡಿದಳು, ಅಷ್ಟೆ. ಮೂವತ್ತು ವರ್ಷದ ಸಂಸಾರದಲ್ಲಿ ಆಕೆ ಅವನಿಗೆ ಯಾವ ಪ್ರಶ್ನೆಯನ್ನೂ ಕೇಳಿದವಳಲ್ಲ, ಆ ದಿನವೂ ಕೇಳಲಿಲ್ಲ.

ದೊಡ್ಡ ಆಸ್ಪತ್ರೆಯಲ್ಲಿ ರೇಡಿಯೇಷನ್ ಚಿಕಿತ್ಸೆ ಶುರುವಾಯಿತು. ಮೊದಲ ದಿನ ಕೌಂಟರಿನಲ್ಲಿ ವಯಸ್ಸು ಎಷ್ಟು ಎಂದು ಮರಾಠಿಯಲ್ಲಿ ಕೇಳಿದರು. ಅಣ್ಣ ಐವತ್ನಾಲ್ಕು ಎಂದ. ವೈನಿ ಐವತ್ತೆರಡು ಇರಬೇಕು ಎಂದಳು. ನಾನು ಮದುವೆಯ ವರ್ಷದಿಂದ ಎಣಿಸಿದರೆ ಬೇರೆಯೇ ಬಂತು. ಕೌಂಟರಿನವನು, ಜಲ್ದಿ ಸಾಂಗಾ, ಬೇಗ ಹೇಳಿ, ಹಿಂದೆ ಜನ ಇದ್ದಾರೆ ಎಂದ. ವೈನಿ ನಕ್ಕಳು. ರೋಗ ಬಂದ ಮೇಲೆ ಆಕೆ ಮನಸಾರೆ ನಕ್ಕದ್ದು ಅದೊಂದೇ ಸಲ.

"ಮಗಳಿಗೆ ಮೂರು ವಯಸ್ಸು ಮಾಡಿಟ್ಟೆ. ನನಗ ನೋಡಿದ್ರ ಒಂದೂ ಇಲ್ಲ."

ಸುದ್ದಿ ಎಷ್ಟು ದಿನ ಮುಚ್ಚಿಟ್ಟರೂ ನಾಗಪುರದ ಕನ್ನಡದವರಲ್ಲಿ ನಿಲ್ಲುವುದಿಲ್ಲ. ಏಪ್ರಿಲ್‌ನಲ್ಲಿ ಕಲಾವತಿಬಾಯಿ ಫೋನ್ ಮಾಡಿದರು. ಇನ್ನೊಬ್ಬ ಜೋಯಿಸರ ಹತ್ತಿರ ತೋರಿಸಿದರಂತೆ, ಜಾತಕದಲ್ಲಿ ನಾಡಿದೋಷ ಕಂಡಿತಂತೆ. ಗುಂಡಾಚಾರ್ಯರು ದೋಷವೇ ಇರಬಾರದೆಂದು ಕೂತು ಬರೆದ ಜಾತಕ ಅದು. ಇಲ್ಲದ ಹುಡುಗಿಯ ಜಾತಕಕ್ಕೂ ದೋಷ ಹುಡುಕಿ ತೆಗೆದರು. ಚಾರೂ ಫೋನ್ ಇಟ್ಟು ಗಾಂಧಿಬಾಗಿಗೆ ಕೆಲಸಕ್ಕೆ ಹೋದಳು. ರಂಜನ್ ಒಂದು ಫೋನನ್ನೂ ಮಾಡಲಿಲ್ಲ.

ವೈನಿಗೆ ಹೇಳಬಾರದು ಎಂದುಕೊಂಡೆವು. ಆಕೆಗೆ ತಿಳಿದೇ ತಿಳಿಯಿತು. ಅಂದಿನಿಂದ ಮದುವೆಯ ಮಾತು ಬಿಟ್ಟಳು. ಮೇ ತಿಂಗಳ ಸುಡುಬಿಸಿಲಲ್ಲಿ, ವಾರ್ಡಿನ ಫ್ಯಾನಿನ ಕೆಳಗೆ, ಎಲ್ಲರೂ ಮುಟ್ಟಿದ ತಟ್ಟೆಯಲ್ಲಿ ಎಲ್ಲರೂ ಮುಟ್ಟಿದ ಅನ್ನ ಉಂಡಳು. ಪಕ್ಕದ ಮಂಚದ ಹೆಂಗಸು ಕೊಟ್ಟ ಕಿತ್ತಳೆಯನ್ನು ತೊಳೆಯದೆ ತಿಂದಳು. ನಾನು ನೋಡುತ್ತಿದ್ದೆ ಎಂದು ತಿಳಿದು, ಏನಾಗೂದಿಲ್ಲ ಬಿಡ್ರಿ ಎಂದಳು. ಆ ಬಿಡುಗಡೆ ಸಿಗಬೇಕಾದರೆ ಆಕೆ ಆ ಮಂಚದವರೆಗೆ ಬರಬೇಕಾಯಿತು.

ಆಷಾಢದಲ್ಲಿ ಚಾರೂ ಮೂರನೆಯ ಸೂಜಿಗೆ ಒಬ್ಬಳೇ ಹೋದಳು. ಅಲ್ಲಿಂದ ನೇರ ಆಸ್ಪತ್ರೆಗೆ ಬಂದಳು. ವೈನಿಗೆ ಆಗ ಮಾತು ಕಷ್ಟವಾಗಿತ್ತು.

"ಆತೇನು?" ಎಂದಳು.

"ಆತಮ್ಮಾ. ಮೂರೂ ಆದ್ವು."

ವೈನಿ ಮಗಳ ತೋಳಿನ ಮೇಲಿನ ಹತ್ತಿಯ ತುಂಡನ್ನು ಬೆರಳಿನಿಂದ ಒತ್ತಿ ಹಿಡಿದಳು. ರಕ್ತ ಆಗಲೇ ನಿಂತಿತ್ತು, ಆದರೂ ಬಹಳ ಹೊತ್ತು ಹಿಡಿದುಕೊಂಡಿದ್ದಳು.

ಡಿಸೆಂಬರಿನ ಚಳಿಯಲ್ಲಿ ಹೋದಳು. ಮುತ್ತೈದೆಯಾಗಿ ಹೋದಳು, ಪುಣ್ಯವಂತೆ ಎಂದು ಮಹಿಳಾ ಮಂಡಳದವರು ಉಡಿ ತುಂಬಿದರು. ಹಸಿರು ಸೀರೆ, ಹಸಿರು ಬಳೆ, ಹಣೆಯ ತುಂಬ ಕುಂಕುಮ. ಆ ಪುಣ್ಯದ ಭಾರಕ್ಕೆ ಆಕೆ ಮೂವತ್ತು ಕಿಲೋಗೆ ಇಳಿದಿದ್ದಳು ಎಂದು ಹೇಳಬೇಕೆನಿಸಿತು.

ಹದಿಮೂರನೆಯ ದಿನದ ಊಟಕ್ಕೆ ಕಲಾವತಿಬಾಯಿಯೂ ಬಂದರು. ಬಾರದಿದ್ದರೆ ಚೆನ್ನಾಗಿರುವುದಿಲ್ಲವಲ್ಲ. ಊಟ ಮುಗಿದು ಜನ ಕರಗಿದ ಮೇಲೆ ಅವರು ಅಡುಗೆಮನೆಗೆ ಬಂದು ಮಣೆಯ ಮೇಲೆ ಕೂತರು. ನಾನು ಪಾತ್ರೆ ಎತ್ತಿಡುತ್ತಿದ್ದೆ. ಹಿಂದಿನ ಬಾಲ್ಕನಿಯಲ್ಲಿ ಚಾರೂ ಬಟ್ಟೆ ತೆಗೆಯುತ್ತಿದ್ದಳು.

"ರಾಗಿಣಿಬಾಯಿ," ಎಂದರು ದನಿ ತಗ್ಗಿಸಿ, "ಕೃಷ್ಣವೇಣಿಗೆ ಮೊದಲಿಗೆ ಏನೇನ್ ಆಗಿತ್ತ್ರಿ?"

"ಯಾಕ ಕೇಳ್ತೀರಿ?"

ಅವರು ಸೆರಗನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು.

"ನಂದು ನಿಂತು ಎಷ್ಟೋ ವರ್ಷ ಆಗೇದ. ಈ ದೀಪಾವಳಿಯಿಂದ ಮತ್ತ ಒಂದೊಂದು ಸಲಾ ಕಾಣ್ತದ. ಸ್ವಲ್ಪನ. ಯಾರಿಗೂ ಹೇಳಿಲ್ಲ."

"ಡಾಕ್ಟರಿಗೆ?"

"ರಂಜನ್‌ಗ ಪುಣೇದ್ದೊಂದು ಸಂಬಂಧ ಬಂದದ. ಬಹುತೇಕ ಆಗ್ತದ. ಮದುವಿ ಆಗ್ಲಿ, ಆಮ್ಯಾಲೆ..."

ನನ್ನ ಬಾಯಿಗೆ ಬಂದದ್ದು ಬರೆಯುವಂಥದ್ದಲ್ಲ. ಆದರೆ ಅದು ಹೊರಗೆ ಬರುವ ಮೊದಲೇ ಬಾಲ್ಕನಿಯ ಬಾಗಿಲು ತೆರೆಯಿತು. ಚಾರೂ ಬಟ್ಟೆಯ ರಾಶಿಯನ್ನು ಕಟ್ಟೆಯ ಮೇಲೆ ಹಾಕಿದಳು. ಹೋಗಿ ಹೊರಬಾಗಿಲಿನ ಹತ್ತಿರ ನಿಂತು, ಕಲಾವತಿಬಾಯಿಯ ಚಪ್ಪಲಿಗಳನ್ನು ಕಾಲಿನಿಂದ ಜೋಡಿಸಿಟ್ಟಳು.

"ಏಳ್ರಿ," ಎಂದಳು.

"ಎಲ್ಲಿಗವಾ? ಈಗೆಲ್ಲಿ. ನಾ ಹೇಳಿದ್ನಲ್ಲಾ, ಮದುವಿ..."

"ನಿಮ್ಮ ಮಗನ ಮದುವಿ ನಿಂತದ್ದು ನಾ ನೋಡೀನಿ. ಏನಾಗೂದಿಲ್ಲ, ಮತ್ತೊಂದು ಹುಡುಗಿ ಸಿಗ್ತದ. ನಡೀರಿ."

ಸಿಟ್ಟಿನಿಂದಲೇ ಹೇಳಿದಳು. ಕರುಣೆಯಿಂದ ಹೇಳಿದಳು ಎಂದು ನಾನು ಬರೆಯುವುದಿಲ್ಲ. ನಾವು ಮೂವರೂ ಒಂದೇ ಆಟೋದಲ್ಲಿ ಧಂತೋಲಿಗೆ ಹೋದೆವು. ಕಲಾವತಿಬಾಯಿ ದಾರಿಯುದ್ದಕ್ಕೂ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದರು, ಯಾರಾದರೂ ನೋಡಿಯಾರು ಎಂದು. ಚಾರೂ ಹೊರಗೆ ನೋಡುತ್ತ ಕೂತಿದ್ದಳು.

ಕ್ಲಿನಿಕ್ಕಿನಲ್ಲಿ ಡಾಕ್ಟರ್ ಒಳಗಿದ್ದರು. ಬಾಗಿಲ ಹತ್ತಿರದ ನರ್ಸ್ ಹೆಸರು ಕೇಳಿದಳು, ಕಲಾವತಿಬಾಯಿ ಹೇಳಿದರು. ವಯಸ್ಸು ಕೇಳಿದಳು.

ಕಲಾವತಿಬಾಯಿ ಸುತ್ತ ಒಮ್ಮೆ ನೋಡಿದರು.

"ನಲವತ್ತೆಂಟು," ಎಂದರು.

ಚಾರೂ ಬಾಗಿ ಮೇಜಿನ ಮೇಲೆ ಕೈ ಊರಿದಳು.

"ಐವತ್ತಾರು ಬರೀರಿ ಸಿಸ್ಟರ್," ಎಂದಳು.

ಕಲಾವತಿಬಾಯಿ ಅವಳನ್ನು ನೋಡಿದರು. ಆಮೇಲೆ ಸೆರಗು ಸರಿಮಾಡಿಕೊಂಡು ಬೆಂಚಿನ ಮೇಲೆ, ವೈನಿಗೆ ಕೂಡಲಾಗದೆ ಹೋದ ಕುರ್ಚಿಯ ಪಕ್ಕದಲ್ಲಿ, ಕೂತರು. ತಿದ್ದಲಿಲ್ಲ.